ಹಿಡಿಯ ಮೇಲೊಂದು ದೂರು

ಜನವರಿ 4
ಅಂಗಡಿಯಿಂದ

ತಂಗೀ,

ನಿನ್ನ ಚೀಟಿ ನಿಮ್ಮ ಬೀಜದ ಮನೆಯ ಗಾಡಿಯ ಜೊತೆ ಬಂತು. ಫೋನು ಮುಟ್ಟದ ಕಣಿವೆಯಲ್ಲಿ ಕೂತು ನೀನು ಎರಡು ಸಾಲು ಬರೆಯುವುದು, ಅದಕ್ಕೆ ನಾನು ಪುಟಗಟ್ಟಲೆ ಉತ್ತರ ಕಳಿಸುವುದು, ಇದು ನಮ್ಮಿಬ್ಬರ ನಡುವಿನ ಹಳೇ ಲುಕ್ಸಾನಿನ ವ್ಯಾಪಾರ. ಈ ಸಲವೂ ಅದೇ ಆಗುತ್ತದೆ, ತಾಳ್ಮೆಯಿಂದ ಓದು.

‘ಅಂಗಡಿಯಲ್ಲಿ ಯಾವುದಾದರೂ ಒಂದು ಚಾಕು ಇದ್ದರೆ ಕಳಿಸು, ಹಿಡಿ ಮಾತ್ರ ಚೆನ್ನಾಗಿರಲಿ’ ಎಂದು ಬರೆದಿದ್ದೀಯ. ಹಳೇ ಸಾಮಾನಿನ ಅಂಗಡಿಯವನಿಗೆ ‘ಯಾವುದಾದರೂ’ ಎನ್ನಬಾರದು. ಆ ಮಾತು ಕೇಳಿದ ಕೂಡಲೇ ನಾವು ಮೂಲೆಯಲ್ಲಿ ಧೂಳು ಹಿಡಿದದ್ದನ್ನು ಒರೆಸಿ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಆದರೆ ‘ಹಿಡಿ ಮಾತ್ರ’ ಎಂದೆಯಲ್ಲ, ಅಲ್ಲಿ ನನ್ನ ಕಿವಿ ನೆಟ್ಟಗಾಯಿತು. ಚಾಕು ಕೊಳ್ಳಲು ಬಂದವರು ಅಲಗನ್ನು ಉಗುರಿನ ಮೇಲೆ ಸವರಿ ನೋಡುತ್ತಾರೆ, ಬೆಲೆ ಕೇಳಿ ಮುಖ ಸಿಂಡರಿಸುತ್ತಾರೆ. ಹಿಡಿಯ ಮಾತೆತ್ತಿದವರನ್ನು ನಾನು ಕಂಡದ್ದು ಕಡಿಮೆ.

ಶಾಲೆಯಲ್ಲಿ ನಾನು ಓದಿದ್ದು ಎಷ್ಟೆಂದು ನಿನಗೆ ಗೊತ್ತು. ಹಿಡಿ ಓದುವುದನ್ನು ಮಾತ್ರ ಯಾರೂ ಕಲಿಸದೆ ಕಲಿತೆ. ಹಳೇ ಸುತ್ತಿಗೆಯೋ ಉಳಿಯೋ ಕೈಗೆ ಬಂದರೆ ಸಾಕು, ಅದನ್ನು ಬಳಸಿದವನು ಎಡಚನೋ, ಕೋಪಿಷ್ಠನೋ, ಯಾರದೋ ಸಾಮಾನನ್ನು ಕೇಳಿ ತಂದು ಹಿಂದಿರುಗಿಸದವನೋ, ಎಲ್ಲ ತಿಳಿಯುತ್ತದೆ. ಕೈ ಎಲ್ಲಿ ಕೂತಿತ್ತೋ ಅಲ್ಲಿ ಮರ ಕಪ್ಪಾಗಿ ನುಣುಪಾಗಿರುತ್ತದೆ, ಕೂರದ ಕಡೆ ಒರಟಾಗಿಯೇ ಉಳಿದಿರುತ್ತದೆ. ಮೊನ್ನೆ ಒಬ್ಬಾಕೆ ತೀರಿಹೋದ ಗಂಡನ ಉಳಿಗಳನ್ನು ಮಾರಲು ತಂದಿದ್ದರು. ಒಂದನ್ನು ತಿರುಗಿಸಿ ನೋಡಿ, ‘ಯಜಮಾನ್ರು ಕೆಲಸ ಮಾಡ್ವಾಗ ಹೆಬ್ಬೆರಳನ್ನ ಮೇಲಕ್ಕೆ ಎತ್ತಿ ಇಟ್ಕೊಳ್ತಿದ್ರಾ?’ ಎಂದು ಕೇಳಿದೆ. ಆಕೆ ಉಳಿಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿಕೊಂಡು ಹೊರಟೇಹೋದರು. ಬಾಯಿ ಮುಚ್ಚಿಕೊಂಡಿದ್ದರೆ ವ್ಯಾಪಾರವಾದರೂ ಆಗುತ್ತಿತ್ತು ಎಂದು ನಿನ್ನ ಅತ್ತಿಗೆ ಇನ್ನೂ ಅನ್ನುತ್ತಿದ್ದಾಳೆ.

ಆದ್ದರಿಂದ ನಿರ್ಧಾರ ಹೀಗೆ. ನಿನಗೆ ಅಂಗಡಿಯ ಚಾಕು ಕಳಿಸುವುದಿಲ್ಲ, ನಾನೇ ಮಾಡುತ್ತೇನೆ. ಇದುವರೆಗೆ ಮಾಡಿಲ್ಲ, ನಿಜ. ಮಾಡಿದವರಿಗೆಲ್ಲ ತಪ್ಪು ಎತ್ತಿ ತೋರಿಸಿದ ಅನುಭವ ಇದೆಯಲ್ಲ. ಒಂದು ದಪ್ಪ ಗರಗಸದ ಪಟ್ಟಿ ಬಿದ್ದಿದೆ, ಅಲಗಿಗೆ ಅದು ಸಾಕು. ಹಿಡಿಗೆ ಹಳೇ ಕೊಡಲಿಯ ಕಾವು ಇದೆ. ಇದರ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಜೇಡಿಮಣ್ಣು ಕಳಿಸಿದ್ದೇನೆ. ಚಾಕು ಹಿಡಿಯುವ ಹಾಗೆ ಅದನ್ನು ಗಟ್ಟಿಯಾಗಿ ಹಿಡಿ, ಮೆತ್ತಗೆ ಬಿಡು, ನೆರಳಲ್ಲಿ ಒಣಗಿಸಿ ಕಳಿಸು. ಏನೇನು ಕತ್ತರಿಸುತ್ತೀಯ, ಕೈ ಒದ್ದೆ ಇರುತ್ತದೆಯೇ, ಕೈಗವಸು ಹಾಕುತ್ತೀಯೇ, ಅದನ್ನೂ ಬರೆ. ಹಳೇ ಚಾಕುವಿಗೆ ಏನಾಯಿತು? ಅದು ನಾನೇ ಆರಿಸಿ ಕೊಟ್ಟದ್ದು.

ಅಣ್ಣ


ಜನವರಿ 19
ಬೀಜದ ಮನೆ

ಅಣ್ಣಾ,

ಮಣ್ಣು ತಲುಪಿತು. ಗಾಡಿಯವನು ತಿನ್ನುವ ಪದಾರ್ಥವೆಂದು ತಿಳಿದು ಮೂಸಿ ನೋಡಿ ಕೊಟ್ಟ.

ಕೇಳಿದ್ದಕ್ಕೆ ಉತ್ತರ. ಮರದ ಮೇಲೆ ಕೂತು ಕಾಯಿಯ ಗೊಂಚಲು ಕೊಯ್ಯುತ್ತೇನೆ. ಕೆಳಗೆ ಬಂದಮೇಲೆ ಗಟ್ಟಿ ಸಿಪ್ಪೆಯ ಕಾಯಿಗಳನ್ನು ಸೀಳಿ ಬಿತ್ತನೆಯ ಬೀಜ ತೆಗೆಯುತ್ತೇನೆ. ಗುರುತಿಗಾಗಿ ತೊಗಟೆ ಕೆರೆಯುತ್ತೇನೆ. ಕೈಗೆ ಕಾಯಿಯ ಅಂಟು ಹತ್ತಿರುತ್ತದೆ, ಬೆಳಿಗ್ಗೆ ಇಬ್ಬನಿ. ಕೈಗವಸು ಹಾಕುವುದಿಲ್ಲ, ಬೀಜ ಬಲಿತಿದೆಯೇ ಎಂದು ಬೆರಳಿಗೆ ತಿಳಿಯಬೇಕು.

ಹಳೇ ಚಾಕುವಿಗೆ ಏನೂ ಆಗಿಲ್ಲ. ಯಾಕೋ ಈಚೆಗೆ ಜಾರುತ್ತದೆ, ಅಷ್ಟೆ.

ಮಾರ್ಚ್ ಕೊನೆಗೆ ಗುಡ್ಡದ ಕೆಲಸ ಶುರು. ಅದಕ್ಕೆ ಮೊದಲು ಕನ್ನಡಕದಮ್ಮ ಎಲ್ಲರನ್ನೂ ಬೆಂಚಿನ ಮುಂದೆ ನಿಲ್ಲಿಸಿ, ಒಂದು ಬುಟ್ಟಿ ಕಾಯಿ ಕೊಟ್ಟು ಸೀಳಲು ಹೇಳುತ್ತಾರೆ. ಕನ್ನಡಕದಮ್ಮ ಎಂದರೆ ನಮ್ಮ ಮೇಲ್ವಿಚಾರಕಿ, ಮೊದಲೂ ಬರೆದಿದ್ದೆ. ಕೈ ಚುರುಕಾಗಿಲ್ಲದವರನ್ನು ಗುಡ್ಡಕ್ಕೆ ಕಳಿಸುವುದಿಲ್ಲ, ಪೊಟ್ಟಣದ ಕೋಣೆಗೆ ಹಾಕುತ್ತಾರೆ. ಅಲ್ಲಿ ವರ್ಷವಿಡೀ ಚೀಟಿ ಅಂಟಿಸುವುದು. ಕಿಟಕಿ ಇದೆ, ಆದರೆ ಅದು ಗೋದಾಮಿನ ಗೋಡೆಗೆ ತೆರೆಯುತ್ತದೆ. ಅಷ್ಟರೊಳಗೆ ಚಾಕು ಬಂದರೆ ಒಳ್ಳೆಯದು.

ಹಿಡಿದು ಒಣಗಿಸಿದ ಮಣ್ಣು ಇದರ ಜೊತೆಗಿದೆ. ಅಕ್ಷರ ನೋಡಿ ನಗಬೇಡ, ಗಾಡಿ ಹೊರಡುವ ಹೊತ್ತು, ತೊಡೆಯ ಮೇಲೆ ಇಟ್ಟು ಬರೆದೆ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ


ಫೆಬ್ರವರಿ 2
ಅಂಗಡಿಯಿಂದ

ತಂಗೀ,

ನಿನ್ನ ಅಕ್ಷರ ನೋಡಿ ನಕ್ಕೆ. ಶಾಲೆಯಲ್ಲಿ ನನ್ನ ಕಾಪಿ ಪುಸ್ತಕವನ್ನು ಎತ್ತಿ ತೋರಿಸಿ ‘ಕೋಳಿ ಕೆದಕಿದ ಹಾಗಿದೆ’ ಎನ್ನುತ್ತಿದ್ದವಳು ನೀನು. ಈಗ ನಿನ್ನ ಕೋಳಿ ನನ್ನದಕ್ಕಿಂತ ಜೋರಾಗಿದೆ. ಮನಸ್ಸಿಗೆ ತಂಪಾಯಿತು.

ಈಗ ಮಣ್ಣಿನ ವಿಷಯ. ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಹಿಡಿದು ಬೆಳಿಗ್ಗೆಯೆಲ್ಲ ಅದನ್ನೇ ತಿರುಗಿಸಿ ನೋಡಿದೆ, ಇಬ್ಬರು ಗಿರಾಕಿಗಳು ಕಾದು ಬೇಸತ್ತು ಹೋದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಎಲ್ಲರ ಹಾಗೆಯೇ ಇವೆ. ಆದರೆ ಉಂಗುರದ ಬೆರಳು ಮತ್ತು ಕಿರುಬೆರಳು ಮಣ್ಣಿನಲ್ಲಿ ಬಾವಿ ತೋಡಿವೆ. ಇಷ್ಟು ಆಳದ ಗುರುತನ್ನು ನಾನು ಯಾರ ಕೊನೆಯ ಎರಡು ಬೆರಳಿನಲ್ಲೂ ನೋಡಿಲ್ಲ. ಮರ ಹತ್ತುವವರ ಬಲವೆಲ್ಲ ಅಲ್ಲೇ ಇರುತ್ತದೆಯೋ ಏನೋ. ಇನ್ನೊಂದು ವಿಚಿತ್ರ, ಅವೆರಡರ ಉಗುರಿನ ಗುರುತು ಉಳಿದವಕ್ಕೆ ಬೆನ್ನು ಮಾಡಿ ನಿಂತಿದೆ. ಹಿಡಿಯುವಾಗ ಬೆರಳನ್ನು ತಿರುಚುವ ಅಭ್ಯಾಸವೇನು? ಒಬ್ಬೊಬ್ಬರ ಕೈ ಒಂದೊಂದು ನಮೂನೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದೂ ಇದು ನನಗೆ ಗೊತ್ತಿರಲಿಲ್ಲ ಎನ್ನುವುದೇ ಆಶ್ಚರ್ಯ.

ಹಾಗಾಗಿ ಹಿಡಿಯನ್ನು ನಿನ್ನ ಬಲವಿರುವ ಕಡೆಗೆ ಕಟ್ಟಿದೆ. ಮುಂದೆ ತೆಳು, ಹಿಂದೆ ದಪ್ಪ. ನಾಲ್ಕು ಬೆರಳಿಗೂ ಒಂದೊಂದು ಹಳ್ಳ, ಕೊನೆಯ ಎರಡಕ್ಕೆ ಮಾತ್ರ ತೊಟ್ಟಿಲಿನಂಥ ಹಳ್ಳ. ಅರದಿಂದ ಉಜ್ಜಿ, ಮರಳು ಕಾಗದ ಹಾಕಿ, ಅಗಸೆ ಎಣ್ಣೆ ಕುಡಿಸಿದೆ. ಎರಡು ಹಿತ್ತಾಳೆ ಮೊಳೆ, ಮೊಳೆಯ ಸುತ್ತ ಅಂಟು. ಮೊಳೆಯ ತಲೆ ಅಂಗೈಗೆ ತಾಗದ ಹಾಗೆ ಸವೆಸಿದ್ದೇನೆ, ಕಣ್ಣು ಮುಚ್ಚಿ ಸವರಿದರೆ ಮರ ಎಲ್ಲಿ ಮುಗಿಯಿತು, ಹಿತ್ತಾಳೆ ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು.

ನಿನ್ನ ಅತ್ತಿಗೆ ಕೈಯಲ್ಲಿ ಹಿಡಿದು ನೋಡಿ, ‘ಇದೇನ್ರೀ, ಹಿಡಿನಾ ಹಲ್ಲಿನ ಅಚ್ಚಾ?’ ಎಂದಳು. ಅವಳ ಬೆರಳು ಒಂದೂ ಹಳ್ಳಕ್ಕೆ ಕೂರಲಿಲ್ಲ. ‘ನಿನ್ನ ಕೈಗೆ ಮಾಡಿದ್ದಲ್ಲ’ ಎಂದೆ. ಅವಳು ಬಿಡುವವಳೇ? ಒಂದೇ ಥರ ಹಿಡಿದುಕೊಂಡು ದಿನವಿಡೀ ಯಾರು ಕೆಲಸ ಮಾಡುತ್ತಾರೆ, ಕೈ ಒಮ್ಮೆ ಮುಂದೆ ಒಮ್ಮೆ ಹಿಂದೆ ಸರಿಯುವುದಿಲ್ಲವೇ ಎಂದು ವಾದಕ್ಕೆ ನಿಂತಳು. ತರಕಾರಿ ಹೆಚ್ಚುವುದು ಬೇರೆ, ಗುಡ್ಡದ ಕೆಲಸ ಬೇರೆ ಎಂದು ಹೇಳಿ ಪೊಟ್ಟಣ ಕಟ್ಟಿದೆ.

ಮೊದಲ ಚಾಕು. ಹೇಗಿದೆ ಎಂದು ಬೇಗ ಬರೆ.

ಅಣ್ಣ


ಫೆಬ್ರವರಿ 16
ಬೀಜದ ಮನೆ

ಅಣ್ಣಾ,

ಚಾಕು ತುಂಬಾ ಚೆನ್ನಾಗಿದೆ. ಎಲ್ಲರೂ ಕೈಗೆ ತೆಗೆದುಕೊಂಡು ನೋಡಿದರು. ಕನ್ನಡಕದಮ್ಮ ಕೂಡ ‘ಯಾರು ಮಾಡಿದ್ದು?’ ಎಂದು ಕೇಳಿದರು. ಹಿಡಿ ಹೇಳಿ ಮಾಡಿಸಿದ ಹಾಗಿದೆ.

ಇಲ್ಲಿ ಚಳಿ ಇಳಿಯುತ್ತಿದೆ. ಕಾಯಿಗಳು ಬೇಗ ಬಲಿಯಬಹುದು.

ನಿನ್ನ ತಂಗಿ


ಫೆಬ್ರವರಿ 22
ಅಂಗಡಿಯಿಂದ

ತಂಗೀ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ, ಮೊದಲು ಹಿಗ್ಗಿನಿಂದ, ಆಮೇಲೆ ಅನುಮಾನದಿಂದ.

ಹೇಳುತ್ತೇನೆ ಕೇಳು. ನನ್ನ ಕೌಂಟರಿನ ಆಚೆ ನಿಂತು ‘ಚೆನ್ನಾಗಿದೆ, ಚೆನ್ನಾಗಿದೆ’ ಎಂದು ಹೊಗಳಿದ ಗಿರಾಕಿ ಯಾವತ್ತೂ ಸಾಮಾನು ಕೊಂಡದ್ದಿಲ್ಲ. ಕೊಳ್ಳುವವನು ಗೊಣಗುತ್ತಾನೆ. ಕೊಂಡು ಬಳಸುವವನು ವಾರ ಬಿಟ್ಟು ಬಂದು ಜಗಳ ಆಡುತ್ತಾನೆ. ಇಲ್ಲಿ ಒತ್ತುತ್ತದೆ, ಅಲ್ಲಿ ಜಾರುತ್ತದೆ, ಮಧ್ಯಾಹ್ನದ ಮೇಲೆ ಹೆಬ್ಬೆರಳ ಬುಡ ಉರಿಯುತ್ತದೆ ಎನ್ನುತ್ತಾನೆ. ಆ ಜಗಳವೇ ರಸೀತಿ. ನಾನು ಜನ್ಮದಲ್ಲಿ ಮೊದಲ ಸಲ ಮಾಡಿದ ಹಿಡಿ, ಅದರಲ್ಲಿ ನಿನಗೆ ಒಂದೇ ಒಂದು ಕುಂದು ಸಿಗಲಿಲ್ಲವೆಂದರೆ ಎರಡೇ ಅರ್ಥ. ಒಂದೋ ನಾನು ಮಹಾ ಕಸುಬುದಾರ. ಇಲ್ಲವೋ ಚಾಕು ನಿನ್ನ ಪೆಟ್ಟಿಗೆಯಲ್ಲಿ ಮಲಗಿದೆ. ಮೊದಲನೆಯದನ್ನು ನಂಬಲು ಮನಸ್ಸಿದೆ, ಆದರೆ ನಿನ್ನ ಅತ್ತಿಗೆ ಅದಕ್ಕೆ ಅಡ್ಡ ನಿಂತಿದ್ದಾಳೆ.

ಚಿಕ್ಕಂದಿನಲ್ಲಿ ಹೊಸ ಚಪ್ಪಲಿ ಕಚ್ಚಿದರೆ ಬೀದಿಯ ತುದಿಯಿಂದ ಕೂಗಿಕೊಂಡು ಬರುತ್ತಿದ್ದವಳು ನೀನು. ಆ ಬಾಯಿ ಎಲ್ಲಿ ಹೋಯಿತು? ಒಂದು ದೂರು ಕಳಿಸು, ಸಣ್ಣದಾದರೂ ಪರವಾಗಿಲ್ಲ.

ಇನ್ನೊಂದು. ನಾನು ಬಳಸಿದ ಅಂಟು ಚಳಿಗೆ ಬಿಟ್ಟುಕೊಳ್ಳುತ್ತದೆ ಎಂದು ಯಾರೋ ಹೇಳಿದರು. ಚಾಕುವನ್ನು ಒಮ್ಮೆ ವಾಪಸ್ ಕಳಿಸು, ಮೊಳೆ ಬಿಗಿ ಮಾಡಿ ಕೂಡಲೇ ಕಳಿಸಿಬಿಡುತ್ತೇನೆ. ತೊಳೆಯಬೇಡ, ಒರೆಸಬೇಡ. ನೀರು ತಾಗಿದರೆ ಅಂಟು ಇನ್ನೂ ಹಾಳಾಗುತ್ತದೆ.

ಅಣ್ಣ


ಮಾರ್ಚ್ 3
ಬೀಜದ ಮನೆ

ಅಣ್ಣಾ,

ಚಾಕು ಕಳಿಸಿದ್ದೇನೆ. ಮೊಳೆ ಸರಿಯಾಗಿಯೇ ಇದೆ ಎಂದು ನನಗನ್ನಿಸುತ್ತದೆ. ಪೆಟ್ಟಿಗೆಯಲ್ಲೇನೂ ಮಲಗಿಲ್ಲ, ದಿನವೂ ಬಳಸುತ್ತೇನೆ, ನೀನೇ ನೋಡು. ಬೆಂಚಿನ ದಿನ ಹತ್ತಿರ ಬಂತು. ಬೇಗ ಕಳಿಸು.

ನಿನ್ನ ತಂಗಿ


ಮಾರ್ಚ್ 9
ಅಂಗಡಿಯಿಂದ

ತಂಗೀ,

ಅಂಟಿಗೆ ಏನೂ ಆಗಿಲ್ಲ. ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಿಡಿಯನ್ನು ನೋಡಬೇಕಿತ್ತು, ಅದಕ್ಕೆ ತರಿಸಿಕೊಂಡೆ.

ದಿನವೂ ಬಳಸಿದ್ದೀಯ, ಒಪ್ಪಿದೆ. ಹೆಬ್ಬೆರಳು ಕೂರುವ ಕಡೆ, ತೋರುಬೆರಳು ಮತ್ತು ನಡುಬೆರಳಿನ ಹಳ್ಳದಲ್ಲಿ ಮರ ಆಗಲೇ ಕಪ್ಪಾಗಿದೆ, ಕಾಯಿಯ ಅಂಟು ಮೆತ್ತಿ ಗಾಜಿನಂತಾಗಿದೆ. ಹಿಂದಿನ ಎರಡು ಹಳ್ಳ ನಾನು ಎಣ್ಣೆ ಒರೆಸಿದ ದಿನ ಹೇಗಿದ್ದವೋ ಹಾಗೇ ಇವೆ. ಮರಳು ಕಾಗದದ ಗೆರೆ ಕೂಡ ಕಾಣುತ್ತದೆ. ಅಲ್ಲಿ ಬೆರಳು ಕೂತೇ ಇಲ್ಲ. ಹಿಡಿಯ ಹಿಂಭಾಗದಲ್ಲಿ ಅಡ್ಡವಾಗಿ ಒಂದು ಬಿಳಿಚಿದ ಪಟ್ಟಿ ಇದೆ, ಮೊಳೆಯ ಸಂದಿಯಲ್ಲಿ ಬಟ್ಟೆಯ ಎಳೆ ಸಿಕ್ಕಿಕೊಂಡಿದೆ. ಚಾಕುವನ್ನು ಬಟ್ಟೆಯಿಂದ ಕೈಗೆ ಕಟ್ಟಿಕೊಂಡು ಕೆಲಸ ಮಾಡಿದವರ ಹಿಡಿ ಹೀಗಿರುತ್ತದೆ.

ಆಮೇಲೆ ನಿನ್ನ ಮಣ್ಣನ್ನು ಮತ್ತೆ ತೆಗೆದು ನೋಡಿದೆ. ಉಗುರು ಬೆನ್ನು ಮಾಡಿ ನಿಂತಿದ್ದು ಯಾಕೆಂದು ಈಗ ತಿಳಿಯಿತು. ಆ ಎರಡು ಗುರುತು ನಿನ್ನ ಬಲಗೈಯದಲ್ಲ. ಎಡಗೈಯ ಬೆರಳಿನಿಂದ ಹೊರಗಿನಿಂದ ಒತ್ತಿದ್ದು. ಸ್ವಲ್ಪ ಮೆತ್ತಗೆ ಒತ್ತಿದ್ದರೆ ನಾನು ಮೋಸ ಹೋಗಿ ಸುಮ್ಮನಾಗುತ್ತಿದ್ದೆ. ಜೋರಾಗಿ ಒತ್ತಿ ನನ್ನಿಂದ ಬಾವಿ ಎನ್ನಿಸಿಕೊಂಡೆ. ಊರವರ ಹಿಡಿಯನ್ನೆಲ್ಲ ಓದುವವನು ಒಡಹುಟ್ಟಿದವಳ ಕೈಯನ್ನು ತಲೆಕೆಳಗಾಗಿ ಓದಿ, ಅದಕ್ಕೆ ತೊಟ್ಟಿಲು ಬೇರೆ ಕಟ್ಟಿ ಕಳಿಸಿದೆ.

ಹಿಡಿ ಹೇಳಿದ್ದು ಇಷ್ಟು. ಉಳಿದದ್ದು ನೀನು ಹೇಳಬೇಕು. ಹೊಸ ಮಣ್ಣು ಇಟ್ಟಿದ್ದೇನೆ. ಚಾಕು ನನ್ನ ಬಳಿಯೇ ಇರಲಿ.

ಅಣ್ಣ


ಮಾರ್ಚ್ 15
ಬೀಜದ ಮನೆ

ಅಣ್ಣಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಅಂಟು ಬಿಡುತ್ತದೆ ಎಂದು ಸುಳ್ಳು ಹೇಳಿ ತರಿಸಿಕೊಂಡೆ. ಆಮೇಲೆ ನನ್ನ ಮಣ್ಣು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಹೋದ ಸುಗ್ಗಿಯ ಕೊನೆಗೆ ಮರದಿಂದ ಜಾರಿದೆ. ಎತ್ತರವೇನಲ್ಲ. ಹಗ್ಗ ಹಿಡಿದುಕೊಂಡಿತು, ಆದರೆ ಮೊಳಕೈ ಕೊಂಬೆಗೆ ಬಡಿಯಿತು. ಊತ ಇಳಿಯಿತು, ನೋವು ಹೋಯಿತು, ಕೊನೆಯ ಎರಡು ಬೆರಳು ಮಾತ್ರ ವಾಪಸ್ ಬರಲಿಲ್ಲ. ಜೋಮು ಹಿಡಿದ ಹಾಗೆ, ಯಾರದೋ ಬೆರಳನ್ನು ತಂದು ನನಗೆ ಅಂಟಿಸಿದ ಹಾಗೆ. ಮೊಳಕೈಯ ಒಳಗಿನ ನರ ನಲುಗಿದೆ ಎಂದು ಡಾಕ್ಟರು ಹೇಳಿದರು. ಸರಿಹೋಗಬಹುದು, ತುಂಬಾ ಕಾಲ ಹಿಡಿಯಬಹುದು, ಪೂರ್ತಿ ಸರಿಹೋಗದೆಯೂ ಇರಬಹುದು ಎಂದರು. ಮೂರು ಮಾತಿನಲ್ಲಿ ಯಾವುದನ್ನು ಕೊಳ್ಳಬೇಕೆಂದು ನೀನಾದರೆ ಚೌಕಾಸಿ ಮಾಡುತ್ತಿದ್ದೆ. ನಾನು ತಲೆಯಾಡಿಸಿ ಬಂದೆ.

ಇಲ್ಲಿ ಯಾರಿಗೂ ಹೇಳಿಲ್ಲ. ಬಟ್ಟೆ ಕಟ್ಟಿದ್ದನ್ನು ಕಂಡವರಿಗೆ ಗುಳ್ಳೆ ಎಂದೆ. ನಿನಗೆ ಯಾಕೆ ಹೇಳಲಿಲ್ಲ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಹೇಳಿದ್ದರೆ ಮರುದಿನವೇ ನೀನು ಗಾಡಿ ಮಾಡಿಕೊಂಡು ಬರುತ್ತಿದ್ದೆ. ‘ಸಾಕು ನಡಿ, ಅಂಗಡೀಲಿ ಕೂತ್ಕೋ, ಲೆಕ್ಕ ನೋಡ್ಕೋ’ ಎನ್ನುತ್ತಿದ್ದೆ. ಆ ಮಾತನ್ನು ನೀನು ಪ್ರೀತಿಯಿಂದಲೇ ಹೇಳುತ್ತೀಯ, ಅದೇ ಕಷ್ಟ. ಪೊಟ್ಟಣದ ಕೋಣೆಯನ್ನಾದರೂ ಬೈದುಕೊಂಡು ಇರಬಹುದು, ನಿನ್ನ ಅಂಗಡಿಯನ್ನು ಬೈಯಲಾಗುವುದಿಲ್ಲ.

ಕೇಳಿದೆಯಲ್ಲ, ದೂರು. ಹಿಡಿಯ ಹಿಂದಿನ ದಪ್ಪ ನನ್ನ ಅಂಗೈಯನ್ನು ತಳ್ಳುತ್ತದೆ. ಚಾಕುವಿನ ಭಾರವೆಲ್ಲ ಹಿಂದೆ, ಹಿಡಿಯುವ ಬೆರಳೆಲ್ಲ ಮುಂದೆ. ಕಣ್ಣು ಬೇರೆ ಕಡೆ ಹೋದರೆ ಚಾಕು ಕೈಯಲ್ಲಿ ತಿರುಗಿಬಿಡುತ್ತದೆ, ಬಾಯಿ ಯಾವ ಕಡೆಗಿದೆ ಎಂದು ತಿಳಿಯುವುದಿಲ್ಲ. ಹಳ್ಳಗಳು ಬೇಡವೇ ಬೇಡ, ಅತ್ತಿಗೆ ಹೇಳಿದ್ದೇ ಸರಿ.

ಮಣ್ಣು ಹಿಡಿದಿದ್ದೇನೆ. ಈ ಸಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.

ಬರಬೇಡ ಅಣ್ಣಾ. ಹಿಡಿ ಕಳಿಸು, ನೀನು ಬರಬೇಡ.

ನಿನ್ನ ತಂಗಿ


ಮಾರ್ಚ್ 24
ಅಂಗಡಿಯಿಂದ

ತಂಗೀ,

ದೂರು ತಲುಪಿತು. ಇಷ್ಟು ಒಳ್ಳೆಯ ದೂರು ನನ್ನ ಅಂಗಡಿಗೆ ಇದುವರೆಗೆ ಬಂದಿಲ್ಲ.

ಓದಿದ ದಿನವೇ ನನ್ನ ಬಲಗೈಯ ಕೊನೆಯ ಎರಡು ಬೆರಳನ್ನು ಅಂಗೈಗೆ ಮಡಚಿ ಬಟ್ಟೆಯಿಂದ ಬಿಗಿದೆ. ಹಾಗೆಯೇ ಅಂಗಡಿ ತೆರೆದೆ, ಬೀಗ ಹಾಕಿದೆ, ಊಟ ಮಾಡಿದೆ, ಹಗ್ಗ ಕೊಯ್ದೆ. ಗಿರಾಕಿಗಳಿಗೆ ಒಳ್ಳೆಯ ಮೋಜು. ಒಬ್ಬ, ‘ಏನ್ ಸಾವ್ಕಾರ್ರೇ, ತೂಕದಲ್ಲಿ ಬೆರಳು ಒತ್ತೋದಕ್ಕೆ ಮನೇಲಿ ಶಿಕ್ಷೆ ಕೊಟ್ರಾ?’ ಎಂದ. ನಗಲಿ. ಆದರೆ ಒಂದು ವಿಷಯ ಕಲಿತೆ. ಇಷ್ಟು ದಿನ ಹಿಡಿ ಎಂದರೆ ಕೈ ಹಿಡಿಯುವ ವಸ್ತು ಎಂದುಕೊಂಡಿದ್ದೆ. ಬೆರಳು ಕಡಿಮೆಯಾದಾಗ ತಿಳಿಯುತ್ತದೆ, ಅರ್ಧ ಕೆಲಸ ಹಿಡಿಯೇ ಮಾಡಬೇಕು, ಅದೇ ಕೈಯನ್ನು ಹಿಡಿದುಕೊಳ್ಳಬೇಕು.

ನೀನು ಕಳಿಸಿದ ಹೊಸ ಮಣ್ಣಿನಲ್ಲಿ ಹಿಂದಿನ ಅರ್ಧ ನುಣ್ಣಗಿದೆ. ಈ ಸಲ ಅದನ್ನು ತಿದ್ದಲಿಲ್ಲ, ಹಾಗೆಯೇ ನಂಬಿದೆ.

ಅದೇ ಗರಗಸದ ಪಟ್ಟಿಯಲ್ಲಿ ಇನ್ನೊಂದು ಅಲಗು ಮಾಡಿದೆ. ಅದರ ಹೊಸ ಹಿಡಿ ಹೀಗಿದೆ. ದಪ್ಪವೆಲ್ಲ ಮುಂದೆ, ಎರಡು ಬೆರಳು ಮತ್ತು ಹೆಬ್ಬೆರಳಿನ ನಡುವೆ ತುಂಬಿ ಕೂರುತ್ತದೆ. ತೋರುಬೆರಳಿಗೆ ಅಲಗಿನ ಬುಡದಲ್ಲೇ ಒಂದು ಕೊಕ್ಕೆಯಂಥ ಜಾಗ. ಚಾಕುವನ್ನು ಆ ಬೆರಳಿನ ಮೇಲೆ ಅಡ್ಡ ಇಟ್ಟರೆ ತಕ್ಕಡಿಯ ಹಾಗೆ ಸಮವಾಗಿ ನಿಲ್ಲುತ್ತದೆ, ಹಿಂದಕ್ಕೆ ಎಳೆಯುವುದಿಲ್ಲ. ಅಡ್ಡ ಕೊಯ್ದರೆ ಹಿಡಿ ಮೊಟ್ಟೆಯ ಆಕಾರ, ಮೊಟ್ಟೆಯ ಚೂಪು ಯಾವ ಕಡೆಗೋ ಚಾಕುವಿನ ಬಾಯಿ ಆ ಕಡೆಗೆ. ಆಕಾಶ ನೋಡುತ್ತಿದ್ದರೂ ಅಂಗೈಗೆ ತಿಳಿಯುತ್ತದೆ. ಹಿಂದಿನ ತುದಿ ಸಣ್ಣಗಾಗಿ ಬಾಗಿ ಅಂಗೈಯ ಬುಡಕ್ಕೆ ಒರಗುತ್ತದೆ, ಆ ಎರಡು ಬೆರಳು ರಜೆ ಹಾಕಿದರೂ ಲೆಕ್ಕ ತಪ್ಪುವುದಿಲ್ಲ. ಕೈಯ ಬೆನ್ನಿಗೆ ಒಂದು ತೊಗಲಿನ ಪಟ್ಟಿ. ಅದಕ್ಕೆ ಒತ್ತುವ ಗುಂಡಿ, ಅದೇ ಗುಬ್ಬಿ, ಹಾಕಿದ್ದೇನೆ, ಜೋರಾಗಿ ಎಳೆದರೆ ತಾನೇ ಬಿಚ್ಚುತ್ತದೆ. ಮತ್ತೆ ಜಾರಿದರೆ ಚಾಕು ಕೈಗೆ ಅಂಟಿಕೊಂಡಿರಬಾರದು.

ಹಳ್ಳ ಒಂದೂ ಇಲ್ಲ. ನಿನ್ನ ಅತ್ತಿಗೆ ಹಿಡಿದು ನೋಡಿ, ಒಂದು ಸೌತೆಕಾಯಿ ಹೆಚ್ಚಿ ಇಟ್ಟಳು.

ಈಗ ಒಂದು ಮಾತು. ಕೈ ನಿನ್ನದು, ಗುಡ್ಡ ನಿನ್ನದು, ಏನು ಮಾಡೆಂದು ನಾನು ಹೇಳುವುದಿಲ್ಲ. ಆದರೆ ಹಿಡಿಯನ್ನು ಮರೆಮಾಚುವ ಹಾಗಿಲ್ಲ. ಪಟ್ಟಿ ಕಾಣುತ್ತದೆ, ಆಕಾರ ಕಾಣುತ್ತದೆ. ಇದನ್ನು ಹಿಡಿದು ಬೆಂಚಿನ ಮುಂದೆ ನಿಂತರೆ ಕನ್ನಡಕದಮ್ಮ ಯಾಕೆಂದು ಕೇಳಿಯೇ ಕೇಳುತ್ತಾರೆ. ಮರೆಮಾಚಲು ಬರುವಂಥದ್ದು ಬೇಕಿದ್ದರೆ ನಾನು ಮೊದಲು ಮಾಡಿದ ಹಳ್ಳದ ಚಾಕುವೇ ಇದೆ, ಅದನ್ನೂ ಸಾಣೆ ಹಿಡಿದು ಜೊತೆಗೆ ಇಟ್ಟಿದ್ದೇನೆ. ಎರಡರಲ್ಲಿ ಯಾವುದು ಎಂದು ನೀನೇ ನೋಡಿಕೋ.

ಅಣ್ಣ

ಕೆಳಗೆ ಜಾಗ ಉಳಿದಿದೆ, ನಾನು ನಿನ್ನ ಅತ್ತಿಗೆ ಬರೆಯುತ್ತಿದ್ದೇನೆ. ಇವರು ಹೇಳದೆ ಬಿಟ್ಟದ್ದು ಎರಡು. ಹೊಸ ಹಿಡಿಯ ಮರ ನನ್ನ ಲಟ್ಟಣಿಗೆ. ಎರಡು ಹೋಳು ಮಾಡಿದ ಮೇಲೆ ನನಗೆ ತಿಳಿಸಿದರು. ಇನ್ನೊಂದು, ನಿನ್ನ ಕಾಗದ ಬಂದ ದಿನ ಇವರು ಬಸ್ಸಿನ ಟಿಕೆಟ್ ತಂದಿದ್ದರು, ಚೀಲವನ್ನೂ ತುಂಬಿದ್ದರು. ಕೊನೆಯ ಸಾಲನ್ನು ಮತ್ತೆ ಓದಿ ಚೀಲ ಬಿಚ್ಚಿದರು. ಟಿಕೆಟ್ ಇನ್ನೂ ಕನ್ನಡಿಯ ಹಿಂದೆ ಸಿಕ್ಕಿಸಿದೆ. ಬೆರಳು ಹುಷಾರು.


ಏಪ್ರಿಲ್ 12
ಗುಡ್ಡದ ಬಿಡಾರ

ಅಣ್ಣಾ,

ಮೇಲೆ ಬರೆದ ಊರು ನೋಡಿದೆಯಲ್ಲ, ಅಲ್ಲಿಂದಲೇ ಬರೆಯುತ್ತಿದ್ದೇನೆ. ಆದರೆ ಪೂರ್ತಿ ಓದಿ ಆಮೇಲೆ ಹಿಗ್ಗು.

ಬೆಂಚಿನ ದಿನ ಎರಡು ಚಾಕುವನ್ನೂ ಒಯ್ದಿದ್ದೆ. ಹಳೆಯದು ಸೊಂಟದಲ್ಲಿ, ಹೊಸದು ಚೀಲದಲ್ಲಿ. ಸಾಲಿನಲ್ಲಿ ನಿಂತಾಗ ಕೈ ಹಳೆಯದರ ಮೇಲೇ ಇತ್ತು. ನನ್ನ ಮುಂದಿನವಳು ಚಕಚಕನೆ ಸೀಳಿ ಮುಗಿಸಿದಳು. ಅವಳ ಕಿರುಬೆರಳು ಹಿಡಿಯ ತುದಿಯನ್ನು ಹೇಗೆ ಸುತ್ತಿಕೊಂಡಿತ್ತು ಎಂದು ನೋಡುತ್ತ ನಿಂತೆ. ಅದನ್ನು ನಟಿಸಲು ನನ್ನಿಂದಾಗದು ಎಂದು ಗೊತ್ತಾಯಿತು. ಚೀಲಕ್ಕೆ ಕೈ ಹಾಕಿದೆ.

ಪಟ್ಟಿಯ ಗುಬ್ಬಿ ಒತ್ತಿದ ಸದ್ದಿಗೇ ಕನ್ನಡಕದಮ್ಮ ತಲೆಯೆತ್ತಿದರು. ಬುಟ್ಟಿ ತಳ್ಳಿದರು. ಸೀಳಿದೆ. ಎಲ್ಲರಿಗಿಂತ ನಿಧಾನ, ಆದರೆ ಒಂದು ಬೀಜಕ್ಕೂ ಗಾಯವಾಗಲಿಲ್ಲ. ಮುಗಿದ ಮೇಲೆ ಅವರು ಕೈ ಚಾಚಿದರು. ಚಾಕು ಕೊಟ್ಟೆ. ‘ಎಷ್ಟು ಬೆರಳು?’ ಎಂದರು. ಎರಡು ಎಂದೆ. ‘ಯಾವಾಗಿಂದ?’ ಹೇಳಿದೆ. ‘ಮರದ ಮೇಲೆ ಹೀಗೇ ಹತ್ತಬೇಕು ಅಂತಿದ್ಯಾ?’ ಎಂದರು.

ಹಾಗಾಗಿ ಲೆಕ್ಕ ಹೀಗಾಗಿದೆ. ಗುಡ್ಡಕ್ಕೆ ಬಂದಿದ್ದೇನೆ, ಮರ ಹತ್ತುವ ಹಾಗಿಲ್ಲ. ನನ್ನ ಹಗ್ಗವನ್ನು ಇನ್ನೊಬ್ಬಳಿಗೆ ಕೊಟ್ಟರು. ಅವಳು ಮೇಲೆ ಕೊಯ್ಯುತ್ತಾಳೆ, ನಾನು ಬುಡದಲ್ಲಿ ಕೂತು ಸೀಳುತ್ತೇನೆ, ಯಾವ ಮರದ್ದು ಬಲಿತಿದೆ ಎಂದು ಹೇಳುತ್ತೇನೆ. ಮೊದಲ ದಿನ ಮೇಲೆ ನೋಡುತ್ತ ಕತ್ತು ನೋವು ಬಂತು, ಅವಳು ತಪ್ಪು ಕೊಂಬೆಗೆ ಹೋಗುತ್ತಿದ್ದಳು. ಎರಡನೆಯ ದಿನ ನೋಡುವುದನ್ನು ಬಿಟ್ಟೆ. ಬೇಸರವಿಲ್ಲ ಎಂದರೆ ನೀನು ನಂಬುವುದಿಲ್ಲ, ಅದಕ್ಕೆ ಬರೆಯುವುದಿಲ್ಲ. ಆದರೆ ಇಲ್ಲಿ ಕಿಟಕಿಯೇ ಇಲ್ಲ, ಎಲ್ಲ ಕಡೆ ಬಯಲು.

ಈಗ ದೂರು. ತೊಗಲಿನ ಪಟ್ಟಿ ಇಬ್ಬನಿಗೆ ಒದ್ದೆಯಾಗಿ ನಾರುತ್ತದೆ. ಗುಬ್ಬಿ ಮುಳ್ಳಿನ ಪೊದೆಯಲ್ಲಿ ತಾನೇ ಬಿಚ್ಚುತ್ತದೆ, ಸ್ವಲ್ಪ ಬಿಗಿ ಬೇಕು, ಜಾಸ್ತಿ ಬೇಡ. ಅಂಟು ಹತ್ತಿದಾಗ ಹೆಬ್ಬೆರಳಿನ ಜಾಗ ಜಾರುತ್ತದೆ, ಅಲ್ಲಿ ನಾಲ್ಕು ಗೀರು ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಹಿಂದಿನ ಬಾಗಿದ ತುದಿ ಸೊಂಟದ ಚೀಲಕ್ಕೆ ಸಿಕ್ಕಿಕೊಳ್ಳುತ್ತದೆ. ಹಿಟ್ಟಿನ ವಾಸನೆ ಇನ್ನೂ ಹೋಗಿಲ್ಲ, ಇರುವೆ ಬರುತ್ತದೆ. ಇದನ್ನು ಅತ್ತಿಗೆಗೆ ಹೇಳು.

ಜೊತೆಗೆ ಒಂದು ಮಣ್ಣಿನ ಉಂಡೆ ಇಟ್ಟಿದ್ದೇನೆ. ನನ್ನದಲ್ಲ. ಗುಡ್ಡಕ್ಕೆ ಹೊರಡುವ ದಿನ ಒಬ್ಬರು ನನ್ನ ಬಳಿ ಬಂದು, ಇನ್ನೊಂದು ಮಾಡಿಕೊಡುತ್ತಾರೆಯೇ ಎಂದು ಕೇಳಿ, ಬಾಗಿಲು ಹಾಕಿಕೊಂಡು ಮಣ್ಣು ಹಿಡಿದು ಕೊಟ್ಟರು. ಯಾರದೆಂದು ಹೇಳಬಾರದಂತೆ.

ಅಕ್ಷರ ಈ ಸಲ ಮೇಜಿನ ಮೇಲಿಟ್ಟೇ ಬರೆದದ್ದು. ಹೀಗೇ ಇರುತ್ತದೆ, ಅಭ್ಯಾಸ ಮಾಡಿಕೋ.

ನಿನ್ನ ತಂಗಿ


ಏಪ್ರಿಲ್ 20
ಅಂಗಡಿಯಿಂದ

ತಂಗೀ,

ನಿನ್ನ ದೂರನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದೇನೆ, ಬಂದವರಿಗೆಲ್ಲ ಓದಿ ಹೇಳುತ್ತೇನೆ. ಇರುವೆಯ ಸಾಲು ಬಂದಾಗ ನಿನ್ನ ಅತ್ತಿಗೆ ಒಳಗಿನಿಂದ ಕೆಮ್ಮುತ್ತಾಳೆ. ಹೊಸ ಗುಬ್ಬಿ ಮತ್ತು ತೊಗಲಿನ ಬದಲು ನೇಯ್ದ ಪಟ್ಟಿ ಇದರಲ್ಲಿವೆ. ಹೆಬ್ಬೆರಳಿನ ಗೀರನ್ನು ನೀನೇ ಹಾಕಿಕೋ, ಎಲ್ಲಿ ಜಾರುತ್ತದೆ ಎಂದು ಇಲ್ಲಿ ಕೂತವನಿಗೆ ಕಾಣುವುದಿಲ್ಲ. ಕನ್ನಡಿಯ ಹಿಂದಿನ ಟಿಕೆಟ್ ತೆಗೆದು ಬಿಸಾಡಿದೆ. ಮರ ಹತ್ತುವ ಹಾಗಿಲ್ಲ ಎಂದದ್ದನ್ನೂ ಓದಿದೆ. ಅದಕ್ಕೆ ನನ್ನ ಅಂಗಡಿಯಲ್ಲಿ ಏನೂ ಇಲ್ಲ.

ಇನ್ನೊಬ್ಬರ ಮಣ್ಣನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಬೆರಳೂ ಗಟ್ಟಿ. ಹೆಬ್ಬೆರಳು ಮಾತ್ರ ಮಣ್ಣನ್ನು ಮುಟ್ಟಿಯೂ ಮುಟ್ಟದ ಹಾಗಿದೆ, ಬುಡದ ಕೀಲಿನಲ್ಲಿ ನೋವಿರುವವರು ಹೀಗೆ ಹಿಡಿಯುತ್ತಾರೆ. ಮಣ್ಣಿನ ಒಂದು ಬದಿಯಲ್ಲಿ ಸಣ್ಣ ದುಂಡು ಗೆರೆ ಇದೆ. ಕೊರಳಿಗೆ ತೂಗಿದ ಕನ್ನಡಕದ ಅಂಚು ಬಗ್ಗಿದಾಗ ತಾಗಿದರೆ ಹೀಗೆ ಮೂಡುತ್ತದೆ. ಹೆಸರು ನಾನು ಕೇಳಿಲ್ಲ, ನೀನು ಹೇಳಿಲ್ಲ.

ಅವರಿಗೆ ಹೆಬ್ಬೆರಳು ಒತ್ತಬೇಕಾಗದ ಹಿಡಿ ಮಾಡುತ್ತೇನೆ, ತುಸು ದಪ್ಪ, ಮೇಲೆ ಚಪ್ಪಟೆ. ಮರ ಹುಡುಕುತ್ತಿದ್ದೇನೆ. ನಿನ್ನ ಅತ್ತಿಗೆ ಹೊಸ ಲಟ್ಟಣಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.

ಒಂದನ್ನು ಮಾತ್ರ ಅವರಿಗೆ ಈಗಲೇ ಹೇಳಿಬಿಡು. ಚಾಕು ಬಂದಮೇಲೆ ಚೆನ್ನಾಗಿದೆ ಎಂದು ಬರೆದರೆ ನಾನು ವಾಪಸ್ ತರಿಸಿಕೊಳ್ಳುತ್ತೇನೆ.

ಅಣ್ಣ